ದೊಡ್ಡಗದ್ದವಳ್ಳಿ ಬೇತಾಳ ಕೆತ್ತಿದೋರು ನಿಜವಾದ ಹೆಣ ನೋಡಿದ್ರಾ?

ಪೆನ್ಸಿಲ್_ಹಾಸನ
ಬೇಲೂರು ರೋಡಲ್ಲಿ ಸಿಗೋ ದೊಡ್ಡಗದ್ದವಳ್ಳಿ ಲಕ್ಷ್ಮೀದೇವಿ ಗುಡಿ ಸುಮಾರು ಜನ ನೋಡಿರ್ತೀರಿ. ಒಳಗೆ ಕಾಳಿ ಗುಡಿ ಬಾಗಿಲ ಆಕಡೆ ಈಕಡೆ ಎರಡು ದೊಡ್ಡ ಬೇತಾಳ ನಿಂತಿದಾವಲ್ಲ, ಮೈಮೇಲೆ ಮಾಂಸನೇ ಇಲ್ಲ, ಪಕ್ಕೆಲುಬು ಎದ್ದು ಕಾಣುತ್ತೆ. ಸ್ಕೆಚ್ ಮಾಡ್ತಾ ಡೌಟ್ ಬಂತು, 12ನೇ ಶತಮಾನದ ಶಿಲ್ಪಿಗಳು ಇದನ್ನ ಯಾರನ್ನ ನೋಡಿ ಕೆತ್ತಿರಬಹುದು? ಯುರೋಪಲ್ಲಿ ಆರ್ಟಿಸ್ಟ್‌ಗಳು ಹೆಣ ಕುಯ್ದು ಕಲಿತ್ರು ಅಂತಾರೆ, ನಮ್ಮಲ್ಲಿ ಹಂಗೇನಾದ್ರೂ ಇತ್ತಾ?

ಸೆಕೆಂಡ್ ಇಯರ್ ಎಂಬಿಬಿಎಸ್
ಹೆಣ ನೋಡಿ ಕಲಿಯೋದು ನಮ್ಮಲ್ಲೂ ಇತ್ತು ಗುರು, ಆದ್ರೆ ವೈದ್ಯರಿಗೆ. ಸುಶ್ರುತ ಸಂಹಿತೆ ಶಾರೀರಸ್ಥಾನದಲ್ಲಿ (ದೇಹರಚನೆ ಬಗ್ಗೆ ಇರೋ ಭಾಗ) ವಿಧಾನನೇ ಕೊಟ್ಟಿದಾರೆ: ವಿಷ ಕುಡಿದು ಸತ್ತಿರಬಾರದು, ಬಹಳ ದಿನ ಕಾಯಿಲೆ ಬಿದ್ದಿರಬಾರದು, ತೀರಾ ಮುದುಕರದ್ದೂ ಬೇಡ, ಅಂಥಾ ಹೆಣನ ಹುಲ್ಲು ನಾರು ಸುತ್ತಿ ಪಂಜರದಲ್ಲಿಟ್ಟು ಹರಿಯೋ ನೀರಲ್ಲಿ ಏಳು ರಾತ್ರಿ ಕೊಳೆಸಬೇಕು, ಆಮೇಲೆ ಲಾವಂಚದ ಬೇರು, ಬಿದಿರು ಇಂಥದ್ರಿಂದ ಮೆಲ್ಲಗೆ ಉಜ್ಜಿ ಪದರ ಪದರವಾಗಿ ನೋಡಬೇಕು ಅಂತ. ಓದ್ವಾಗ್ಲೇ ಮೂಗು ಮುಚ್ಕೋಬೇಕು ಅನ್ಸುತ್ತೆ.

ಬೇತಾಳದ ವಿಷಯಕ್ಕೆ ಬಂದ್ರೆ ಅದು ಪೂರಾ ಅಸ್ಥಿಪಂಜರ ಅಲ್ಲ, ಎಲುಬಿಗೆ ಚರ್ಮ ಅಂಟ್ಕೊಂಡಿರೋ ಮೈ. ಅದನ್ನ ಕೆತ್ತಕ್ಕೆ ಹೆಣ ಬೇಕಿಲ್ಲ, ಬರಗಾಲದಲ್ಲಿ ಬದುಕಿದ್ದೋರನ್ನ ನೋಡಿದ್ರೂ ಸಾಕು. ಇದು ನನ್ನ ಊಹೆ ಅಷ್ಟೆ.

ಕಾಫಿತೋಟ_ಮೂಡಿಗೆರೆ
ಬರದ ಮಾತು ಒಪ್ಪೋ ಹಂಗಿದೆ. ಯುರೋಪ್ ಕಥೆ ಬೇರೆ. ಲಿಯೊನಾರ್ಡೊ 1507ರ ಸುಮಾರಿಗೆ ಫ್ಲಾರೆನ್ಸ್ ಆಸ್ಪತ್ರೆಲಿ ನೂರು ದಾಟಿದೀನಿ ಅಂತಿದ್ದ ಮುದುಕನ ಜೊತೆ ಮಾತಾಡ್ತಾ ಕೂತಿದ್ದ, ಆತ ಏನೂ ನರಳದೆ ಹಂಗೇ ಹೋಗ್ಬಿಟ್ಟ, ಅಷ್ಟು ಸುಖವಾದ ಸಾವು ಹೆಂಗೆ ಬಂತು ಅಂತ ತಿಳಿಯಕ್ಕೆ ಲಿಯೊನಾರ್ಡೊ ಆ ದೇಹನೇ ಕುಯ್ದು ರಕ್ತನಾಳ ಬತ್ತಿರೋದನ್ನ ಬರೆದಿಟ್ಟ. 1543ರಲ್ಲಿ ವೆಸಾಲಿಯಸ್ ಅನ್ನೋ ವೈದ್ಯನ ಅನಾಟಮಿ (ದೇಹರಚನೆ) ಪುಸ್ತಕ ಬಂತು, ಅದ್ರಲ್ಲಿ ಒಂದು ಅಸ್ಥಿಪಂಜರ ಗೋರಿ ಮೇಲೆ ಮೊಣಕೈ ಊರಿ, ಎದುರಿಗಿರೋ ತಲೆಬುರುಡೆ ಮೇಲೆ ಇನ್ನೊಂದು ಕೈ ಇಟ್ಟು ಯೋಚನೆ ಮಾಡ್ತಾ ನಿಂತಿರುತ್ತೆ. ಪಾಠದ ಚಿತ್ರಕ್ಕೆ ಆ ಭಂಗಿ ಯಾಕೆ ಬೇಕಿತ್ತು ಹೇಳಿ! ನಂಗಂತೂ ಭಾರಿ ಇಷ್ಟ.

ಪೆನ್ಸಿಲ್_ಹಾಸನ
ಸೂಪರ್ ಸಾರ್. ಅವ್ರಿಗೆಲ್ಲ ಅಷ್ಟು ಹೆಣ ಎಲ್ಲಿಂದ ಸಿಗ್ತಿತ್ತು?

ಕಾಫಿತೋಟ_ಮೂಡಿಗೆರೆ
ಜಾಸ್ತಿ ಗಲ್ಲಿಗೇರಿದೋರದ್ದು, ಇಲ್ಲ ಆಸ್ಪತ್ರೆಲಿ ಸತ್ತ ಬಡವರದ್ದು. ಡಚ್ ಚಿತ್ರಕಾರ ರೆಂಬ್ರಾಂಟ್ 1632ರಲ್ಲಿ ಡಾಕ್ಟರ್ ಟುಲ್ಪ್ ಹೆಣ ಕುಯ್ದು ಪಾಠ ಮಾಡೋ ಚಿತ್ರ ಬರೆದಿದಾನಲ್ಲ, ಅದ್ರಲ್ಲಿ ಮಲಗಿರೋನು ಆರಿಸ್ ಕಿಂಟ್ ಅನ್ನೋ ಕಳ್ಳ, ಗಲ್ಲಿಗೆ ಹಾಕಿದ್ರು. ಝೂಮ್ ಮಾಡಿ ನೋಡಿ: ಟುಲ್ಪ್ ಬಲಗೈಲಿ ಚಿಮಟದಿಂದ ಹೆಣದ ಮುಂಗೈ ಸ್ನಾಯು ಎತ್ತಿ ಹಿಡಿದಿದಾನೆ, ಅದು ಬೆರಳು ಮಡಚೋ ಸ್ನಾಯು, ಎಡಗೈಲಿ ತನ್ನ ಬೆರಳು ಮಡಚಿ ತೋರಿಸ್ತಿದಾನೆ. ಸುತ್ತ ಇರೋ ಸರ್ಜನ್‌ಗಳು ದುಡ್ಡು ಕೊಟ್ಟು ತಮ್ಮ ಮುಖ ಬರೆಸಿಕೊಂಡೋರು. ಕಿಂಟ್‌ನ ಯಾರೂ ಕೇಳ್ಲಿಲ್ಲ.

ಸೆಕೆಂಡ್ ಇಯರ್ ಎಂಬಿಬಿಎಸ್
ನಮ್ ರಾಜ್ಯದಲ್ಲೂ ವಾರಸುದಾರರಿಲ್ಲದ ಹೆಣ ಕಾಲೇಜಿಗೆ ಬರೋದು 1957ರ ಅನಾಟಮಿ ಕಾಯ್ದೆ ಪ್ರಕಾರ. ದೇಹದಾನ ಮಾಡೋರೂ ಇದಾರೆ, ಅವ್ರು ಒಪ್ಪಿಯೇ ಕೊಟ್ಟಿರ್ತಾರೆ, ಅದು ದೊಡ್ಡ ವ್ಯತ್ಯಾಸ.

ಪೆನ್ಸಿಲ್_ಹಾಸನ
ಹಂಗಾದ್ರೆ ಬರೋ ಭಾನುವಾರ ಹಳೇಬೀಡಿಗೆ ಹೋಗಿ ಭೈರವನ ರುಂಡಮಾಲೆ ಬರೀತೀನಿ, ಯಾರಾದ್ರೂ ಬರ್ತೀರಾ? ಬೈಕಲ್ಲಿ ಒಂದು ಸೀಟ್ ಖಾಲಿ ಇದೆ.