ಬಿಡೋದು ಗೊತ್ತಿಲ್ಲದವರ ಹಗ್ಗದಾಟ

“ಹಿಡಿಯೋದು ಮಂಗ್ಯಾಗೂ ಬರತೈತಿ. ಬಿಡೋದು ಯಾವಾಗ ಅನ್ನೋದು ತಿಳೀಬೇಕಪಾ,” ಎಂದ ಬಸು.

ಮೊಬೈಲ್ ಆಟದಲ್ಲಿ ಸೀನನ ಗೊಂಬೆ ಆಗಷ್ಟೇ ಮತ್ತೊಮ್ಮೆ ಲಾವಾದೊಳಗೆ ಬಿದ್ದಿತ್ತು. ಗೊಂಬೆ ಹೊತ್ತು ತರುತ್ತಿದ್ದ ಮೂರು ಕಾಲಿನ ಶಾರ್ಕೂ ಜೊತೆಗೇ ಹೋಯಿತು. ಶಾರ್ಕಿಗೆ ಮೂರು ಕಾಲು, ಮೂರಕ್ಕೂ ನೀಲಿ ಶೂ. ಹೆಸರು ಟ್ರಾಲಲೇರೋ ಟ್ರಾಲಲಾ. ನಾನೇನೂ ತಮಾಷೆ ಮಾಡುತ್ತಿಲ್ಲ, ಮಕ್ಕಳಿರುವ ಮನೆಯಲ್ಲಿ ಕೇಳಿ ನೋಡಿ.

ಸೀನ ಸಹಕಾರಿ ಬ್ಯಾಂಕಿನ ಮ್ಯಾನೇಜರ್. ಬಸು ಹುಬ್ಬಳ್ಳಿಯವನು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಭಾಷೆ ಬಿಟ್ಟಿಲ್ಲ, ಮಿರ್ಚಿಯನ್ನಂತೂ ಬಿಟ್ಟೇ ಇಲ್ಲ. ಶಾರದಾ ಅನ್ನುವವಳು ಹೈಸ್ಕೂಲಿನಲ್ಲಿ ಫಿಸಿಕ್ಸ್ ಟೀಚರ್. ಮೂವರೂ ನನ್ನ ಕಾಲೇಜಿನ ಗೆಳೆಯರು. ನಮ್ಮೆಲ್ಲರಿಗೂ ಗುರು ಅಂದರೆ ಸೀನನ ಮಗ ಚಿಂಟು, ಆರನೇ ಕ್ಲಾಸು.

ಆಟ ಇರೋದು ರೋಬ್ಲಾಕ್ಸಿನಲ್ಲಿ. ಅದು ಒಂದೇ ಆಟ ಅಲ್ಲ. 2006ರಲ್ಲಿ ಶುರುವಾದ ಜಾಗ, ಅಲ್ಲಿ ಯಾರು ಬೇಕಾದರೂ ತಮ್ಮದೇ ಆಟ ಕಟ್ಟಿ ಬಿಡಬಹುದು. ಅಡ್ಡಿ ದಾಟಿಕೊಂಡು ಹೋಗುವ ಆಟಗಳಿಗೆ ಅಲ್ಲಿ ಒಬ್ಬಿ ಅಂತಾರೆ. ನಮ್ಮವರು ಆಡುತ್ತಿದ್ದದ್ದು ಹಗ್ಗದ ಒಬ್ಬಿ. ಮೇಲೆ ಕೊಕ್ಕೆಗಳಿರುತ್ತವೆ. ಒತ್ತಿ ಹಿಡಿದರೆ ಹಗ್ಗ ಹೋಗಿ ಸಿಕ್ಕಿಕೊಳ್ಳುತ್ತದೆ, ಗೊಂಬೆ ತೂಗುತ್ತದೆ. ಬೆರಳು ತೆಗೆದರೆ ಹಾರುತ್ತದೆ. ಹಾಗೆ ತೂಗುತ್ತ ಹಾರುತ್ತ ಆ ಕಡೆ ಹೋಗಿ ಬ್ರೇನ್‌ರಾಟ್ ಅನ್ನುವ ವಿಚಿತ್ರ ಪ್ರಾಣಿಗಳನ್ನು ಎತ್ತಿಕೊಂಡು ಬರಬೇಕು. ಮನೆಗೆ ತಂದು ನಿಲ್ಲಿಸಿದರೆ ಅವು ಸೆಕೆಂಡಿಗೆ ಇಷ್ಟು ಅಂತ ದುಡಿಯುತ್ತವೆ. ದೂರ ಹೋದಷ್ಟೂ ಅಪರೂಪದವು. ದಾರಿಯಲ್ಲಿ ಬಿದ್ದರೆ ಹೊತ್ತದ್ದೂ ಹೋಯಿತು, ಮೊದಲಿಂದ ಶುರು.

“ನಾನು ಎತ್ತರಕ್ಕೆ ಹೋದ ಮೇಲೇ ಬಿಡ್ತಾ ಇದೀನಲ್ಲ. ಎತ್ತರದಿಂದ ಬಿಟ್ರೆ ದೂರ ಹೋಗಬೇಕು ಅಲ್ವಾ?” ಎಂದ ಸೀನ.

“ನೀವ್ ಜೋಕಾಲಿ ಆಡಿದ ಮಂದಿ ಅಲ್ಲ, ಅದಕ್ಕ,” ಎಂದ ಬಸು. “ನಮ್ಮ ಕಡೆ ನಾಗರ ಪಂಚಮಿಗೆ ಮರಕ್ಕ ಹಗ್ಗ ಕಟ್ಟಿ ಮುದುಕ್ಯಾರೂ ಜೀಕತಾರ. ತುತ್ತತುದೀಗೆ ಹೋದಾಗ ಕೈ ಬಿಟ್ಟ್ರ ಎಲ್ಲಿ ಬೀಳ್ತಾರ ಹೇಳು?”

“ಎಲ್ಲಿ?”

“ಅಲ್ಲೇ, ಕೆಳಗ. ಅವರ ಮ್ಯಾಲ ಜೋಕಾಲಿ ಬಂದು ಬಡೀತೈತಿ.”

ಶಾರದಾ ಅಲ್ಲಿಯವರೆಗೆ ಸುಮ್ಮನೆ ಟೀ ಕುಡಿಯುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ. “ಬಸು ಹೇಳ್ತಿರೋದು ಸರಿ. ತುದಿಯಲ್ಲಿ ವೇಗ ಸೊನ್ನೆ. ಬಿಟ್ರೆ ಇದ್ದಲ್ಲೇ ಬೀಳ್ತೀಯ. ತೀರಾ ತಳದಲ್ಲಿ ವೇಗ ಜಾಸ್ತಿ, ಆದರೆ ಅದು ಅಡ್ಡಕ್ಕೆ ಹೋಗೋ ವೇಗ. ಆಗ ಬಿಟ್ರೆ ಮೇಲಕ್ಕೆ ಏರಲ್ಲ, ಮುಂದಕ್ಕೆ ಹೋಗ್ತಾ ಹೋಗ್ತಾ ಇಳಿದುಬಿಡ್ತೀಯ. ತಳ ದಾಟಿ ಮೇಲೆ ಏರೋಕೆ ಶುರು ಮಾಡಿದ ಮೇಲೆ, ಅರ್ಧ ದಾರಿಗೆ ಮುಂಚೆ ಬಿಡಬೇಕು.”

“45 ಡಿಗ್ರಿ ಅಲ್ವಾ? ನಾವು ಪಿಯುಸಿಯಲ್ಲಿ ಓದಿದ್ದೇವೆ,” ಎಂದೆ ನಾನು. ಓದಿದ್ದರಲ್ಲಿ ನೆನಪಿರೋದು ಅದೊಂದೇ. ಸಿಕ್ಕ ಅವಕಾಶ ಬಿಡೋದು ಬೇಡ ಅನ್ನಿಸಿತು.

“ಅದು ನೆಲದಿಂದ ಎಸೆದ ಕಲ್ಲಿಗೆ. ಇಲ್ಲಿ ಹಗ್ಗದ ಮೇಲೆ ಏರಿದಷ್ಟೂ ವೇಗ ಖರ್ಚಾಗ್ತಾ ಹೋಗತ್ತೆ. ಅದಕ್ಕೆ 45ಕ್ಕೆ ಕಾಯಬಾರದು, ಇನ್ನೂ ಸ್ವಲ್ಪ ಮೊದಲೇ. ಮುಂದಿನ ಕೊಕ್ಕೆ ತುಂಬ ಎತ್ತರದಲ್ಲಿದ್ರೆ ಮಾತ್ರ ತಡವಾಗಿ ಬಿಡು.”

ಸೀನ ಮತ್ತೆ ಆಡಿದ. ಮತ್ತೆ ತಡವಾಯಿತು. ಲಾವಾ.

“ನನ್ನ ಗೊಂಬೆ ದಪ್ಪ ಇದೆ. ಅದಕ್ಕೇ ಹೀಗಾಗ್ತಿದೆ.”

“ತೂಗೋ ಸಮಯಕ್ಕೂ ತೂಕಕ್ಕೂ ಸಂಬಂಧ ಇಲ್ಲ. ಹಗ್ಗ ಎಷ್ಟು ಉದ್ದ, ಗುರುತ್ವ ಎಷ್ಟು, ಅಷ್ಟೇ. ಬೇರೆ ನೆಪ ಹುಡುಕು,” ಎಂದಳು ಶಾರದಾ.

ಆಗ ಬಂದ ನೋಡಿ ಚಿಂಟು. “ಆಂಟಿ, ಇಲ್ಲಿ ಗ್ರಾವಿಟಿ 196.2.”

ಶಾರದಾ ಕಪ್ ಕೆಳಗಿಟ್ಟಳು. “ಏನು?”

“ಸ್ಟುಡಿಯೋದಲ್ಲಿ ನಾವೇ ಆಟ ಮಾಡುವಾಗ ಕಾಣಿಸತ್ತೆ. ಬದಲಾಯಿಸದೇ ಬಿಟ್ರೆ ಅಷ್ಟೇ ಇರತ್ತೆ. ಮೀಟರ್ ಅಲ್ಲ, ಸ್ಟಡ್ ಲೆಕ್ಕ. ಒಂದು ಸ್ಟಡ್ ಅಂದ್ರೆ 0.28 ಮೀಟರ್.”

ಶಾರದಾ ಪೇಪರಿನ ಅಂಚಿನಲ್ಲಿ ಗುಣಿಸಿದಳು. ನಮ್ಮ ಭೂಮಿಯದು 9.81. ರೋಬ್ಲಾಕ್ಸಿನದು ಸುಮಾರು 55. ಅಂದರೆ ಐದೂವರೆ ಪಟ್ಟು. ಅವಳ ಮುಖ ನೋಡಬೇಕಿತ್ತು. ಯಾರೋ ಹೊಸ ಗ್ರಹ ತೋರಿಸಿದ ಹಾಗೆ.

“ಸೀನ, ಈಗ ಗೊತ್ತಾಯ್ತು. ಇಲ್ಲಿ ಎಲ್ಲ ನಮ್ಮ ಲೋಕಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಬೇಗ ತೂಗುತ್ತೆ. ನಿನ್ನ ಕಣ್ಣಿಗೆ ಅಭ್ಯಾಸ ಇರೋದು ಪಾರ್ಕಿನ ಉಯ್ಯಾಲೆ. ಕಣ್ಣು ‘ಈಗ’ ಅನ್ನೋಷ್ಟರಲ್ಲಿ ಗೊಂಬೆ ಆಗಲೇ ತುದಿ ಮುಟ್ಟಿರತ್ತೆ. ಈಗ ಬಿಡಬೇಕು ಅನ್ನಿಸೋದಕ್ಕಿಂತ ಸ್ವಲ್ಪ ಮೊದಲೇ ಬಿಡು.”

“ಓಡೋದು ಸೆಕೆಂಡಿಗೆ 16 ಸ್ಟಡ್,” ಎಂದ ಚಿಂಟು. ಅದನ್ನೂ ಶಾರದಾ ಗುಣಿಸಿದಳು. ಗಂಟೆಗೆ 16 ಕಿಲೋಮೀಟರ್.

“ನಿಮ್ಮಪ್ಪ ಬಸ್ ಹಿಡಿಯೋಕೂ ಅಷ್ಟು ಓಡಿದ್ದಿಲ್ಲ,” ಎಂದೆ.

ಇದನ್ನೆಲ್ಲ ಕೇಳಿದ ಮೇಲೆ ಸೀನ ಮೊದಲೇ ಬಿಟ್ಟ. ಗೊಂಬೆ ಚೆನ್ನಾಗಿ ಹಾರಿತು. ಎರಡನೇ ಕೊಕ್ಕೆಯ ಕೆಳಗೆ ಬಂತು, ದಾಟಿತು, ಆಮೇಲೆ ಸೀನ ಒತ್ತಿದ. ಹಗ್ಗ ಹಿಂದಿನಿಂದ ಎಳೆಯಿತು. ಗೊಂಬೆ ಕತ್ತು ಹಿಡಿದು ಎಳೆದವರ ಹಾಗೆ ವಾಪಸ್ ಬಂದು ಲಾವಾಕ್ಕೇ ಬಿತ್ತು.

“ಕೊಕ್ಕೆ ಹಿಂದೆ ಹೋದ ಮೇಲೆ ಹಿಡೀಬಾರ್ದು ಅಪ್ಪ! ಅದು ಮುಂದೆ, ಮೇಲೆ ಇರುವಾಗಲೇ ಹಿಡೀಬೇಕು. ಆಗ ಅದರ ಕೆಳಗಿಂದ ಜುಯ್ ಅಂತ ಹೋಗ್ತೀವಿ. ಮತ್ತೆ ನೀವು ಗೊಂಬೇನೇ ನೋಡ್ತಾ ಇದೀರ. ಗೊಂಬೆ ಎಲ್ಲೂ ಓಡಿ ಹೋಗಲ್ಲ. ಮುಂದಿನ ಕೊಕ್ಕೆ ನೋಡಿ.”

ಈ ಮಾತು ನನಗೆ ಬಹಳ ಹಿಡಿಸಿತು. ಹೊಸಬರು ಎಲ್ಲರೂ ಮಾಡೋದು ಇದನ್ನೇ. ಕ್ಯಾಮೆರಾವನ್ನು ಗೊಂಬೆಯ ಬೆನ್ನಿಗೇ ಅಂಟಿಸಿಕೊಂಡು ಆಡುತ್ತಾರೆ. ಕ್ಯಾಮೆರಾ ಹಿಂದಕ್ಕೆ ಎಳೆದರೆ ಒಟ್ಟಿಗೆ ಎರಡು ಮೂರು ಕೊಕ್ಕೆ ಕಾಣಿಸುತ್ತವೆ. ಕಂಪ್ಯೂಟರಿನಲ್ಲಾದರೆ ಶಿಫ್ಟ್ ಲಾಕ್ ಅನ್ನುವುದೊಂದಿದೆ, ಆಟದಲ್ಲಿ ಅದಕ್ಕೆ ಅವಕಾಶ ಕೊಟ್ಟಿದ್ದರೆ ಶಿಫ್ಟ್ ಒತ್ತಿದಾಗ ಗೊಂಬೆ ಕ್ಯಾಮೆರಾ ನೋಡಿದ ಕಡೆಗೇ ಮುಖ ಮಾಡುತ್ತದೆ. ಗುರಿ ಹಿಡಿಯೋದು ಸುಲಭ.

“ಕೊಡಿಲ್ಲಿ, ನಾ ತೋರಸ್ತೀನಿ,” ಅಂತ ಬಸು ಮೊಬೈಲ್ ಕಿತ್ತುಕೊಂಡ. ಒಂದು, ಎರಡು, ಮೂರು ಕೊಕ್ಕೆ. ಅವನ ಜೋಕಾಲಿಯ ಬಡಾಯಿ ಸುಳ್ಳಲ್ಲ. ನಾಲ್ಕನೆಯದರಲ್ಲಿ ಬೆರಳು ತೆಗೆದ, ಗೊಂಬೆ ಬಿಡಲಿಲ್ಲ. ಮಿರ್ಚಿಯ ಎಣ್ಣೆ ಗಾಜಿನ ಮೇಲೆ ಹೆಬ್ಬೆರಳಿನ ಅಗಲಕ್ಕೆ ಹರಡಿತ್ತು. ಅದರ ನಡುವೆ ಒಂದು ಕಡಲೆಹಿಟ್ಟಿನ ಚೂರು. ಮೊಬೈಲು ಆ ಚೂರನ್ನೇ ಬೆರಳು ಅಂದುಕೊಂಡಿತ್ತೋ ಏನೋ, ಗೊಂಬೆ ತೂಗುತ್ತಲೇ ಇತ್ತು. ನಾವೆಲ್ಲ ಅದನ್ನು ನೋಡುತ್ತಲೇ ಇದ್ದೆವು. ಚಿಂಟು ತನ್ನ ಟೀ ಶರ್ಟಿನ ತುದಿಯಲ್ಲಿ ಗಾಜು ಒರೆಸಿದ. ಗೊಂಬೆ ಬಿತ್ತು.

“ನೆಟ್‌ವರ್ಕ್ ಸರಿ ಇಲ್ಲಲೇ,” ಎಂದ ಬಸು.

ನೆಟ್‌ವರ್ಕಿನ ಮಾತೂ ಪೂರ್ತಿ ಸುಳ್ಳಲ್ಲ ಬಿಡಿ. ಮನೆಯಲ್ಲಿ ಯಾರೋ ಸೀರಿಯಲ್ ನೋಡುತ್ತಿದ್ದರೆ, ಇನ್ಯಾರೋ ಏನೋ ಡೌನ್‌ಲೋಡ್ ಮಾಡುತ್ತಿದ್ದರೆ ಆಟ ತಡವರಿಸುತ್ತದೆ. ಆ ಹೊತ್ತಿನಲ್ಲಿ ದೊಡ್ಡ ಪ್ರಾಣಿ ಹೊತ್ತುಕೊಂಡು ಹೊರಡಬಾರದು. ಖಾಲಿ ಕೈಯಲ್ಲಿ ದಾರಿ ಕಲಿಯಬೇಕು. ದಾರಿ ಕಲಿಯೋದಕ್ಕೇ ಅಂತ ಖಾಲಿ ಹೋಗಿ ಖಾಲಿ ಬರುವವರು ಬಹಳ ಕಡಿಮೆ. ಕೈಯಲ್ಲಿ ಏನೂ ಇಲ್ಲದಾಗ ಬೆರಳು ನಡುಗೋದಿಲ್ಲ. ಅದಕ್ಕಿಂತ ಮುಖ್ಯ, ವಾಪಸ್ ಬರುವ ದಾರಿ ಬೇರೆಯೇ. ಹೋಗುವಾಗ ಸಲೀಸಾಗಿ ಸಿಕ್ಕ ಕೊಕ್ಕೆ ಬರುವಾಗ ಯಾವುದೋ ಗೋಡೆಯ ಹಿಂದೆ ಇರುತ್ತದೆ.

ಇಷ್ಟು ಹೊತ್ತಿಗೆ ಸೀನನೊಳಗಿನ ಬ್ಯಾಂಕಿನವನು ಎದ್ದು ಕೂತಿದ್ದ. ಹಾರೋದು ಬರದಿದ್ದರೂ ಲೆಕ್ಕ ಬರುತ್ತದಲ್ಲ.

“ಬಸೂ, ಹತ್ತಿರದ ಪ್ರಾಣಿ ಸೆಕೆಂಡಿಗೆ 5 ದುಡಿಯುತ್ತೆ ಅನ್ಕೋ. ಹೋಗಿ ಬರೋಕೆ ಒಂದು ನಿಮಿಷ. ದೂರದ್ದು 40 ದುಡಿಯುತ್ತೆ. ಅದಕ್ಕೆ ಐದು ನಿಮಿಷ. ಯಾವುದು ಲಾಭ?”

“ದೂರದ್ದು. ಐದು ನಿಮಿಷಕ್ಕ ಹತ್ತಿರದ್ದು ಐದು ತಂದ್ರೂ 25 ಆತು. ಅದು 40.”

“ಹತ್ತು ಸಲ ದೂರ ಹೋದ್ರೆ ನೀನು ಎಷ್ಟು ಸಲ ಜೀವಂತ ವಾಪಸ್ ಬರ್ತೀಯ?”

ಬಸು ಮಿರ್ಚಿ ನೋಡಿದ. “ಎರಡು ಸಲ ಅನ್ನು.”

“ಹಾಗಾದ್ರೆ ನಿನ್ನ 40 ಅನ್ನೋದು ಬರೀ 8. ಹತ್ತರಲ್ಲಿ ಏಳು ಸಲ ಬರೋ ಹಾಗಾದ ಮೇಲೆ 28. ಆಗ ಹೋಗು ದೂರ. ಅಲ್ಲಿವರೆಗೆ ಹತ್ತಿರದ ಸಣ್ಣಪುಟ್ಟವೇ ಗಟ್ಟಿ. ಸಾಲ ಕೊಡೋವಾಗ ನಾವು ನೋಡೋದೂ ಅಷ್ಟೇ. ಬಡ್ಡಿ ಎಷ್ಟು ಅಂತಲ್ಲ, ಅಸಲು ವಾಪಸ್ ಬರುತ್ತಾ ಅಂತ.”

ಸಾಲದ ಉದಾಹರಣೆ ಬಂದರೆ ಸೀನ ನಿಲ್ಲಿಸೋದಿಲ್ಲ, ಅದಕ್ಕೆ ನಾನು ಮಾತು ಬದಲಾಯಿಸಿದೆ. ಹಗ್ಗ ಹಿಡಿದು ಹಾರಿ ನಿಧಿ ಹೆಕ್ಕುವ ಆಟ ಏನೂ ಹೊಸದಲ್ಲ ಎಂದೆ. 1982ರಲ್ಲೇ ಡೇವಿಡ್ ಕ್ರೇನ್ ಅನ್ನುವವರು ಆಟಾರಿ 2600 ಅನ್ನುವ ಟಿವಿಗೆ ಜೋಡಿಸೋ ಆಟದ ಯಂತ್ರಕ್ಕೆ ಪಿಟ್‌ಫಾಲ್ ಅನ್ನುವ ಆಟ ಮಾಡಿದ್ದರು. ಕಾಡು, ಬಳ್ಳಿ, ಹೊಂಡ, ಮೊಸಳೆ. 20 ನಿಮಿಷ ಸಮಯ, 32 ನಿಧಿ. ಎಲ್ಲ ಸಿಕ್ಕಿ ಒಂದು ಅಂಕವೂ ಕಳೆಯದಿದ್ದರೆ 1,14,000. ಅದರಲ್ಲೂ ಹೊಸಬರಿಗೆ ಒಂದು ಉಪಾಯ ಇತ್ತು. ಉರುಳುವ ದಿಮ್ಮಿಗಳು ಬಲದಿಂದ ಎಡಕ್ಕೆ ಬರುತ್ತವೆ. ಎಲ್ಲರೂ ಬಲಕ್ಕೆ ಓಡಿ ಅವಕ್ಕೆ ಎದುರಾಗುತ್ತಾರೆ. ಜಾಣರು ಎಡಕ್ಕೆ ಓಡುತ್ತಾರೆ.

“ಮೊಸಳೆ ಈಗಲೂ ಇದೆ ಅಂಕಲ್. ಆದ್ರೆ ಅದು ವಿಮಾನ. ಬಾಂಬಾರ್ಡಿರೋ ಕ್ರೊಕೊಡಿಲೋ,” ಎಂದ ಚಿಂಟು.

ನಲವತ್ತು ವರ್ಷದಲ್ಲಿ ಮೊಸಳೆ ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ.

ಅಷ್ಟರಲ್ಲಿ ಪರದೆಯ ಮೇಲೆ ಏನೋ ಬಂತು. ಇಷ್ಟು ರೋಬಕ್ಸ್ ಕೊಟ್ಟರೆ ಹಗ್ಗ ಉದ್ದ, ಇಷ್ಟು ಕೊಟ್ಟರೆ ಎರಡು ಪಟ್ಟು ದುಡಿಮೆ. ರೋಬಕ್ಸ್ ಅಂದರೆ ನಿಜವಾದ ದುಡ್ಡು ಕೊಟ್ಟು ಕೊಳ್ಳುವ ಆಟದ ದುಡ್ಡು. ಬಸುವಿನ ಬೆರಳು ಆ ಕಡೆ ಹೋಗುತ್ತಿತ್ತು.

“ಮುಟ್ಟಬೇಡ!” ಎಂದು ಸೀನ ಕೂಗಿದ. “ಬಿಡೋದೇ ಬರದವನಿಗೆ ಉದ್ದ ಹಗ್ಗ ಯಾಕೆ? ಆಟದಲ್ಲಿ ದುಡಿದದ್ದನ್ನೇ ಹಾಕಿ ಹಗ್ಗ ಉದ್ದ ಮಾಡ್ಕೋ.”

“ನನ್ನ ಫ್ರೆಂಡ್ ಒಬ್ಬ ಫ್ರೀ ರೋಬಕ್ಸ್ ಕೊಡೋ ಸೈಟ್ ಇದೆ ಅಂದ,” ಎಂದ ಚಿಂಟು. “ಪಾಸ್‌ವರ್ಡ್ ಹಾಕಿದ್ರೆ ಸಾಕಂತೆ.”

ಸೀನನ ಮುಖ ಬದಲಾಯಿತು. ಒಟಿಪಿ ಹೇಳಿ ದುಡ್ಡು ಕಳಕೊಂಡವರು ಅವನ ಕುರ್ಚಿಯ ಮುಂದೆ ಬಂದು ಅಳೋದು ಅವನಿಗೆ ಹೊಸದಲ್ಲ. ಪುಕ್ಕಟೆ ರೋಬಕ್ಸ್ ಅನ್ನೋದು ಎಲ್ಲೂ ಇಲ್ಲ, ಪಾಸ್‌ವರ್ಡ್ ಕೇಳಿದವನು ಕಳ್ಳ, ಅಕೌಂಟಿಗೆ ಎರಡು ಹಂತದ ಭದ್ರತೆ ಈಗಲೇ ಹಾಕು ಅಂತ ಒಂದೇ ಉಸಿರಿನಲ್ಲಿ ಹೇಳಿದ. ಹಾಕಿಸಿಯೂ ಬಿಟ್ಟ. ಆ ಸಂಜೆ ಮೊದಲ ಪ್ರಯತ್ನಕ್ಕೇ ಸರಿಯಾಗಿ ಆದ ಕೆಲಸ ಅದೊಂದೇ.

ಕೊನೆಗೆ ಉಳಿದದ್ದು ರೀಬರ್ತ್. ಈ ಜಾತಿಯ ಆಟಗಳಲ್ಲಿ ಸಾಕಷ್ಟು ದುಡಿದ ಮೇಲೆ ಒಂದು ಗುಂಡಿ ಸಿಗುತ್ತದೆ. ಒತ್ತಿದರೆ ದುಡ್ಡೆಲ್ಲ ಹೋಗುತ್ತದೆ. ಎಷ್ಟೋ ಕಡೆ ಪ್ರಾಣಿಗಳೂ ಹೋಗುತ್ತವೆ. ಬದಲಿಗೆ ಮುಂದಿನ ದುಡಿಮೆಯೆಲ್ಲ ಇಷ್ಟು ಪಟ್ಟು ಜಾಸ್ತಿ ಅಂತ ಕಾಯಂ ಆಗಿ ಸಿಗುತ್ತದೆ.

“ಸಿಕ್ಕ ಕೂಡಲೇ ಒತ್ತಬೇಕು. ಕಾದಷ್ಟೂ ಲಾಸ್,” ಎಂದ ಚಿಂಟು.

“ಅವನು ಹೇಳೋದು ಸರಿ,” ಎಂದಳು ಶಾರದಾ. “ಬೇಗ ಒತ್ತಿದ್ರೆ ಬೇಗ ಹೆಚ್ಚು ದುಡಿಯೋಕೆ ಶುರು. ಅಷ್ಟರಲ್ಲಿ ಹತ್ತಿರದ ದಾರಿ ಬಾಯಿಪಾಠ ಆಗಿರತ್ತೆ, ಹೋದದ್ದು ಬೇಗ ವಾಪಸ್ ಬರತ್ತೆ.”

“ಒತ್ತಪಾ ಒತ್ತು,” ಎಂದ ಬಸು, ಕೈ ತೊಳೆದುಕೊಂಡು ಬಂದು.

ಸೀನ ಗುಂಡಿಯನ್ನೇ ನೋಡುತ್ತ ಕೂತ. ಷರತ್ತುಗಳನ್ನು ಓದಿದ. ಕೆಳಗೆ ಜರುಗಿಸಿ ಇನ್ನೂ ಏನಾದರೂ ಬರೆದಿದೆಯಾ ನೋಡಿದ. ಆಮೇಲೆ ಚಿಂಟುವಿನ ಕಡೆ ತಿರುಗಿದ.

“ಇದಕ್ಕೆ ನಾಮಿನಿ ಎಲ್ಲಿ ಹಾಕಬೇಕು?”