ಪದಚರ್ಚೆ: ಸೀಲ್ ಸೆರೆಯಲ್ಲಿದೆಯೋ, ಸಾಕಣೆಯಲ್ಲಿದೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಹೊರಡುವ ವಿಜ್ಞಾನ ಪತ್ರಿಕೆಯೊಂದಕ್ಕೆ ನಾಲ್ಕು ಪುಟದ ಲೇಖನ ಬರೆದುಕೊಡಲು ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ. ‘ಸೆರೆಯಲ್ಲಿರುವ ಸೀಲ್‌ಗಳ ರಕ್ತಕಣಗಳು’ ಎಂದು ತಲೆಬರಹ ಕೊಟ್ಟಿದ್ದೆ. ಅದನ್ನು ಮೊದಲು ಓದಿದ ಅತ್ತಿಗೆ, “ಯಾವ ಕಚೇರಿಯ ಸೀಲನ್ನು ಜಪ್ತಿ ಮಾಡಿದರು?” ಎಂದು ಕೇಳಿದರು. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮತ್ತೊಮ್ಮೆ ಓದಿದಾಗ ಆ ತಲೆಬರಹದ ಒಂದೊಂದು ಪದವೂ ಕಾಲಿಗೆ ತೊಡರತೊಡಗಿತು.

ಸೀಲ್ ಎಂಬ ಕಡಲ ಸಸ್ತನಿಯ ಹೆಸರಿನ ವಿಷಯವನ್ನು ಬೇಗ ಮುಗಿಸುತ್ತೇನೆ. ‘ನೀರುನಾಯಿ’ ಎಂದು ಬರೆಯುವಂತಿಲ್ಲ. ಅದು ತುಂಗಭದ್ರೆಯ ದಂಡೆಯಲ್ಲಿ 2015ರಲ್ಲಿ ತನ್ನದೇ ಸಂರಕ್ಷಿತ ಪ್ರದೇಶವನ್ನು ಪಡೆದಿರುವ, ಪೂರಾ ಬೇರೆ ಪ್ರಾಣಿ. ‘ಕಡಲನಾಯಿ’ ನನಗೆ ಇಷ್ಟ. ಡಚ್ಚರೂ ಜರ್ಮನ್ನರೂ ತಂತಮ್ಮ ನುಡಿಗಳಲ್ಲಿ ಅದನ್ನು ಕಡಲ ನಾಯಿಯೆಂದೇ ಕರೆಯುತ್ತಾರೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿಯೂ ಅದು ನಾಯಿ, ಕರಡಿಗಳಿರುವ ಕವಲಿಗೇ ಸೇರುತ್ತದೆ. ಆದರೂ ನಮ್ಮ ಕರಾವಳಿಯಲ್ಲಿ ಕಾಣಸಿಗದ ಪ್ರಾಣಿಗೆ ಹೆಸರು ಕಟ್ಟಿ ಮಕ್ಕಳ ಮೇಲೆ ಹೇರುವ ಮನಸ್ಸಾಗಲಿಲ್ಲ. ಒಮ್ಮೆ ‘ಕಡಲನಾಯಿ’ ಎಂದು ಹೇಳಿ, ಮುಂದೆಲ್ಲ ‘ಸೀಲ್’ ಎಂದೇ ಇಟ್ಟಿದ್ದೇನೆ.

ನಿಜವಾದ ತೊಡಕು ಇರುವುದು ‘ಸೆರೆ’ಯಲ್ಲಿ. ಧಾರವಾಡದ ಕಡೆಯ ಗೆಳೆಯರೊಬ್ಬರಿಗೆ ಸೆರೆ ಎಂದರೆ ಮೊದಲು ನೆನಪಾಗುವುದು ಹೆಂಡವಂತೆ. ಆ ಸಂಗತಿ ಪಕ್ಕಕ್ಕಿರಲಿ. ನಮ್ಮ ಪತ್ರಿಕೆಗಳಲ್ಲಿ ‘ಕಾಡಾನೆ ಸೆರೆ’, ‘ಚಿರತೆ ಸೆರೆ’ ಎಂದು ಬಂದರೆ ಅದು ಆ ದಿನದ ಘಟನೆ. ಅರಿವಳಿಕೆ ಚುಚ್ಚುಮದ್ದು ಹಾರಿಸಿ, ಹಗ್ಗ ಬಿಗಿದು, ಲಾರಿ ಹತ್ತಿಸಿದ್ದನ್ನೆಲ್ಲ ಆ ಒಂದು ಪದ ಹೇಳುತ್ತದೆ. ಅದೇ ಆನೆ ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ಪಳಗಿದ ಮೇಲೆ ಅದನ್ನು ಯಾರೂ ‘ಸೆರೆಯಲ್ಲಿರುವ ಆನೆ’ ಎನ್ನುವುದಿಲ್ಲ. ಅದು ಸಾಕಾನೆ, ಇಲ್ಲವೇ ಶಿಬಿರದ ಆನೆ. ಹಿಡಿಯುವುದಕ್ಕೆ ಒಂದು ಮಾತು, ಹಿಡಿದ ಮೇಲಿನ ಬದುಕಿಗೆ ಇನ್ನೊಂದು ಮಾತು. ಇಂಗ್ಲಿಷಿನವರು ಎರಡನ್ನೂ ‘ಕ್ಯಾಪ್ಟಿವ್’ ಎಂಬ ಒಂದೇ ಚೀಲಕ್ಕೆ ತುಂಬಿದ್ದಾರೆಂದು ನಾವೂ ಹಾಗೆಯೇ ತುಂಬಬೇಕೆ?

ಇದು ಬರಿಯ ಶೈಲಿಯ ಮಾತಾಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಸೀಲ್ ರಕ್ತದ ಮಟ್ಟಿಗೆ ಈ ಭೇದ ಅಂಕಿಗಳನ್ನೇ ಅದಲುಬದಲು ಮಾಡುತ್ತದೆ. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಕೊಲ್ಲಿಯಲ್ಲಿ ವೆಡೆಲ್ ಸೀಲ್‌ಗಳ ಬೆನ್ನಿಗೆ ಉಪಕರಣ ಕಟ್ಟಿ, ಅವು ತಾವಾಗಿ ಮುಳುಗುವಾಗಲೇ ರಕ್ತದ ಮಾದರಿ ಸಿಗುವಂತೆ ಮಾಡಿದ ಪ್ರಯೋಗಗಳಿವೆ. 1986ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮುಳುಗಿದ ಹತ್ತು ಹನ್ನೆರಡು ನಿಮಿಷಗಳಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಸುಮಾರು 15 ಗ್ರಾಂನಿಂದ 22 ಗ್ರಾಂಗೆ ಏರಿತು. ಅಷ್ಟು ಬೇಗ ಹೊಸ ರಕ್ತ ಹುಟ್ಟಲಾರದು. ವಿಶ್ರಾಂತಿಯ ಹೊತ್ತಿನಲ್ಲಿ ಕೆಂಪು ಕಣಗಳನ್ನು ಕೂಡಿಟ್ಟುಕೊಂಡಿದ್ದ ಗುಲ್ಮ (ಇಂಗ್ಲಿಷಿನ ಸ್ಪ್ಲೀನ್), ಮುಳುಗುವಾಗ ಮುದುಡಿ ಅವನ್ನು ರಕ್ತಕ್ಕೆ ನೂಕುತ್ತದೆ. ಅಂಜಿಕೆಯಾದರೂ ಹೀಗೆಯೇ. ಬಲೆಯಲ್ಲಿ ಒದ್ದಾಡುತ್ತಿರುವ ಸೀಲ್‌ನ ರಕ್ತ ತೆಗೆದರೆ ಕೆಂಪು ಕಣಗಳು ಹೆಚ್ಚಾಗಿ ಕಾಣಿಸುತ್ತವೆ. ಅರಿವಳಿಕೆ ಕೊಟ್ಟು ಮಲಗಿಸಿದರೆ ಗುಲ್ಮ ಸಡಿಲಗೊಂಡು ಕಣಗಳು ಅದರೊಳಗೇ ಉಳಿದು, ಎಣಿಕೆ ಇಳಿಯುತ್ತದೆ. ಕೊಳದಲ್ಲಿ ವರ್ಷಗಟ್ಟಲೆ ಇದ್ದು, ಪಾಲಕ ಬಂದೊಡನೆ ಮೀನಿನಾಸೆಗೆ ತಾನೇ ಮಗ್ಗುಲಾಗಿ ಮಲಗಿ ಸೂಜಿ ಚುಚ್ಚಿಸಿಕೊಳ್ಳುವ ಸೀಲ್‌ನ ಎಣಿಕೆ ಮತ್ತೊಂದು. ಈ ಮೂರಕ್ಕೂ ‘ಸೆರೆಯಲ್ಲಿರುವ ಸೀಲ್’ ಎಂದು ಬರೆದರೆ ಓದುವ ಹುಡುಗಿ ಯಾವ ರಕ್ತವನ್ನು ಊಹಿಸಿಕೊಳ್ಳಬೇಕು?

ಗುಲ್ಮದ ಬಗ್ಗೆ ಒಂದು ಮಾತು, ತಲೆಬರಹಕ್ಕೆ ಸಂಬಂಧವಿಲ್ಲದಿದ್ದರೂ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಅಂಗಕ್ಕೆ ಗುಲ್ಮವೆಂದೇ ಹೆಸರು. ಆಯುರ್ವೇದ ಓದಿದವರು ಇದನ್ನು ಒಪ್ಪುವುದಿಲ್ಲ. ಅವರಿಗೆ ಗುಲ್ಮವೆಂದರೆ ಹೊಟ್ಟೆಯಲ್ಲಿ ಗಂಟು ಕಟ್ಟುವ ರೋಗ, ಅಂಗಕ್ಕೆ ಪ್ಲೀಹ ಎನ್ನಬೇಕು. ಅವರ ಮಾತು ಸರಿಯೇ. ಆದರೆ ಪತ್ತಿ, ಸೇನಾಮುಖ, ಗುಲ್ಮ ಎಂದು ಸಾಗುವ ಹಳೆಯ ಸೇನೆಯ ಲೆಕ್ಕದಲ್ಲಿ ಗುಲ್ಮವೆಂದರೆ 9 ಆನೆ, 9 ರಥ, 27 ಕುದುರೆ, 45 ಕಾಲಾಳುಗಳ ತುಕಡಿ. ಬೇಕಾದಾಗ ಹೊರಗೆ ನುಗ್ಗಲೆಂದು ಕೆಂಪು ಕಣಗಳ ಪಡೆಯನ್ನು ಕಾದಿರಿಸಿಕೊಳ್ಳುವ ಅಂಗಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗದು ಅನ್ನಿಸಿ, ಪ್ಲೀಹವನ್ನು ಕೈಬಿಟ್ಟೆ. ಇಟ್ಟವರು ಹಾಗೆ ಯೋಚಿಸಿ ಇಟ್ಟಿದ್ದಲ್ಲವೆಂದು ನನಗೂ ಗೊತ್ತು.

ಲೇಖನದ ಎರಡನೆಯ ಭಾಗ ನೆದರ್ಲೆಂಡ್ಸಿನದು. 1988ರಲ್ಲಿ ಉತ್ತರ ಸಮುದ್ರದ ಆಸುಪಾಸಿನಲ್ಲಿ ಸುಮಾರು 18,000 ಹಾರ್ಬರ್ ಸೀಲ್‌ಗಳು ಒಂದು ವೈರಾಣುವಿಗೆ ಬಲಿಯಾದವು. ನಾಯಿಮರಿಗೆ ಲಸಿಕೆ ಹಾಕಿಸುವಾಗ ಪಶುವೈದ್ಯರು ಹೆಸರು ಹೇಳುವ ಡಿಸ್ಟೆಂಪರ್‌ನ ಹತ್ತಿರದ ಸಂಬಂಧಿ ಅದು. ಸಮುದ್ರ ಸೇರಿದ ಕೈಗಾರಿಕಾ ವಿಷಗಳೇ ಸೀಲ್‌ಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿರಬಹುದೆಂಬ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸಲು ಸ್ಕಾಟ್ಲೆಂಡಿನ ಕಡಲತೀರದಿಂದ ಎಳೆಯ ಸೀಲ್‌ಗಳನ್ನು ತಂದು, ಹನ್ನೊಂದು ಹನ್ನೊಂದರ ಎರಡು ಗುಂಪು ಮಾಡಿದರು. ಒಂದಕ್ಕೆ ಮಲಿನವಾದ ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನು, ಇನ್ನೊಂದಕ್ಕೆ ಅಷ್ಟು ಕೆಡದ ಅಟ್ಲಾಂಟಿಕ್ ಹೆರಿಂಗ್. ಎರಡು ವರ್ಷಕ್ಕೂ ಮೇಲ್ಪಟ್ಟು ಹೀಗೆ ಉಣಿಸುತ್ತ, ಆಗಾಗ ರಕ್ತ ತೆಗೆದು ನೋಡಿದರು. ಬಾಲ್ಟಿಕ್ ಮೀನು ತಿಂದವುಗಳಲ್ಲಿ ‘ಹಂತಕ ಕೋಶ’ಗಳ ಚಟುವಟಿಕೆ ತಗ್ಗಿತ್ತು, ಸೋಂಕಿನೊಡನೆ ಸೆಣಸುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳ ಪ್ರತಿಕ್ರಿಯೆಯೂ ಮಂಕಾಗಿತ್ತು. 1994ರಲ್ಲಿ ಇದು ಪ್ರಕಟವಾಯಿತು.

ಇಲ್ಲಿ ನಾನು ಕಣ ಬಿಟ್ಟು ಕೋಶಕ್ಕೆ ಜಾರಿದ್ದನ್ನು ಗಮನಿಸಿರಬಹುದು. ಶಾಲೆಯಲ್ಲಿ ಕಲಿತದ್ದು ಕೆಂಪು ರಕ್ತಕಣ, ಬಿಳಿ ರಕ್ತಕಣ. ಸಸ್ತನಿಗಳ ಬೆಳೆದ ಕೆಂಪು ಕಣದಲ್ಲಿ ಕೋಶಕೇಂದ್ರವೇ ಇರುವುದಿಲ್ಲವಾದ್ದರಿಂದ ‘ಕಣ’ ಅದಕ್ಕೆ ಒಗ್ಗುತ್ತದೆ. ಆದರೆ ವೈರಾಣು ಹೊಕ್ಕ ಕೋಶವನ್ನು ಗುರುತಿಸಿ ಕೊಲ್ಲುವ ಜೀವಿಯಂಥ ವಸ್ತುವನ್ನು ‘ಹಂತಕ ಕಣ’ ಎಂದರೆ ಚುನಾವಣಾ ಕಣದ ವರದಿಯಂತೆ ಕೇಳಿಸುತ್ತದೆ. ‘ಬಿಳಿ ರಕ್ತಕೋಶ’ ಎಂದು ಬದಲಿಸಿದರೆ, ಶಿಕ್ಷಕರು ಇದು ಪಠ್ಯದಲ್ಲಿಲ್ಲ ಎನ್ನುತ್ತಾರೆ. ಮೊದಲೇ ಡೆಂಗಿ ಬಂದಾಗಲೆಲ್ಲ ಪ್ಲೇಟ್‌ಲೆಟ್ಟನ್ನೇ ಬಿಳಿ ರಕ್ತಕಣವೆಂದು ತಿಳಿದಿರುವ ಜನ ನಮ್ಮ ಬೀದಿಯಲ್ಲೇ ಇದ್ದಾರೆ. ಅದರ ಮೇಲೆ ನಾನೊಂದು ಹೊಸ ಗೊಂದಲ ಸೇರಿಸಬೇಕೆ? ಸದ್ಯಕ್ಕೆ ಎಣಿಸುವಾಗ ‘ಕಣ’, ಅದರ ಕೆಲಸ ವಿವರಿಸುವಾಗ ‘ಕೋಶ’ ಎಂದು ಇಟ್ಟಿದ್ದೇನೆ. ಇದು ಜಾಣತನವೋ ಕಳ್ಳದಾರಿಯೋ, ನೀವು ಹೇಳಬೇಕು.

‘ಸೆರೆ’ಗೆ ಬದಲಿಯಾಗಿ ನಾನು ತೂಗಿ ನೋಡಿದವು: ‘ಸಾಕಿದ ಸೀಲ್’ ಎಂದರೆ ಮನೆಯ ಮುದ್ದಿನ ಪ್ರಾಣಿಯಾಗುತ್ತದೆ. ‘ಸಾಕಣೆ’ಗೆ ಕೋಳಿ, ಹಂದಿ, ಜೇನಿನ ನಂಟು, ಲಾಭದ ವಾಸನೆ. ‘ಬಂಧಿತ ಸೀಲ್’ ಎಂದರೆ ಜಾಮೀನು ಸಿಕ್ಕಿತೇ ಎಂದು ಅತ್ತಿಗೆ ಕೇಳುವುದು ಖಂಡಿತ. ‘ಮಾನವ ಆರೈಕೆಯಲ್ಲಿರುವ’ ಎನ್ನುವುದು ಮೃಗಾಲಯದವರಿಗೆ ಪ್ರಿಯ, ನನಗೆ ಅದು ಜಾಹೀರಾತಿನ ಮಾತು. ಪೀಟರ್‌ಬ್ಯೂರೆನ್‌ನಲ್ಲಿ 1971ರಲ್ಲಿ ಶುರುವಾದಂಥ ಡಚ್ ಸೀಲ್ ಆಸ್ಪತ್ರೆಗಾದರೆ ‘ಆರೈಕೆ’ ಸಲ್ಲುತ್ತದೆ, ಏಕೆಂದರೆ ಅಲ್ಲಿ ಕಾಯಿಲೆ ಬಿದ್ದದ್ದನ್ನು ಗುಣಪಡಿಸಿ ಕಡಲಿಗೆ ಬಿಡುತ್ತಾರೆ. ಪ್ರಯೋಗಕ್ಕೆಂದು ವಿಷದ ಮೀನು ತಿನ್ನಿಸುವುದನ್ನು ಆರೈಕೆ ಎನ್ನಲು ನಾಲಿಗೆ ಏಳುವುದಿಲ್ಲ.

ಕೊನೆಗೆ ‘ಕೊಳದಲ್ಲಿಟ್ಟ ಸೀಲ್’ ಎಂದು ಬರೆದಿದ್ದೇನೆ. ‘ಇಟ್ಟ’ ಎನ್ನುವುದರಲ್ಲಿ ಇಟ್ಟವರು ಯಾರೋ ಇದ್ದಾರೆಂಬುದೂ ಅದು ತಾನಾಗಿ ಬಂದದ್ದಲ್ಲವೆಂಬುದೂ ಇದೆ. ‘ಸೆರೆ’ಯನ್ನು ಬಲೆ ಬೀಸಿ ಹಿಡಿದ ಗಳಿಗೆಗೆ ಮಾತ್ರ ಉಳಿಸಿಕೊಂಡೆ. ಇದಕ್ಕಿಂತ ಚಿಕ್ಕದೂ ಚೊಕ್ಕದೂ ಆದ ಪದ ನಿಮ್ಮ ಊರಿನ ಮಾತಿನಲ್ಲಿದ್ದರೆ ತಿಳಿಸಿ. ಸರ್ಕಸ್, ಮೃಗಾಲಯ, ಆನೆ ಶಿಬಿರಗಳಲ್ಲಿ ಕೆಲಸ ಮಾಡಿದವರ ಮಾತಾದರೆ ಇನ್ನೂ ಒಳ್ಳೆಯದು.

ಮರೆತಿದ್ದೆ, ಇನ್ನೊಂದಿದೆ. ಸೀಲ್‌ನ ರಕ್ತವನ್ನು ಕೆಳಬೆನ್ನಿನಿಂದಲೋ ಹಿಂಬದಿಯ, ಈಜಲು ಚಪ್ಪಟೆಯಾದ ಆ ಕಾಲಿನಿಂದಲೋ ತೆಗೆಯುತ್ತಾರೆ. ಆ ಕಾಲಿಗೆ ಏನೆನ್ನುವುದು? ‘ಈಜುರೆಕ್ಕೆ’ ಮೀನಿನದು. ದೋಣಿಯ ಹುಟ್ಟಿನಂತಿದೆಯೆಂದು ‘ಹುಟ್ಟುಗಾಲು’ ಎಂದು ಬರೆದೆ. ಅತ್ತಿಗೆ ಅದನ್ನು ‘ಹುಟ್ಟಿನಿಂದ ಬಂದ ಕಾಲು’ ಎಂದು ಓದಿಕೊಂಡರು.