ರಾತ್ರಿಯಾದರೂ ಎಮ್ಮೆಯ ಏದುಸಿರು ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಆಳಂದದ ಹೈನುಗಾರ

ಎಲ್ಲರಿಗೂ ಶರಣು. ನಮ್ಮಲ್ಲಿ ಎರಡು ಎಮ್ಮೆ, ಒಂದು ದೇವಣಿ ಆಕಳು ಇವೆ. ದೊಡ್ಡ ಎಮ್ಮೆ ಯುಗಾದಿವರೆಗೆ ಹೊತ್ತಿಗೆ ನಾಲ್ಕು ಲೀಟರ್ ಕೊಡುತ್ತಿತ್ತು. ಈಗ ಎರಡೂ ದಾಟುತ್ತಿಲ್ಲ. ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ಕಟ್ಟುತ್ತೇನೆ, ಎರಡು ಸಲ ಮೈ ತೊಳೆಯುತ್ತೇನೆ. ಜೋಳದ ಕಣಕಿ ಇದೆ, ಹಿಂಡಿಯನ್ನೂ ತಪ್ಪಿಸಿಲ್ಲ. ಅಪ್ಪನ ಕಾಲದಲ್ಲಿ ಇಷ್ಟು ಮಾಡಿದರೆ ಸಾಕಿತ್ತು.

ನಿನ್ನೆ ರಾತ್ರಿ ಹನ್ನೊಂದಕ್ಕೆ ಕೊಟ್ಟಿಗೆಗೆ ಹೋದೆ. ಮಲಗಿರಲಿಲ್ಲ. ಕತ್ತು ಮುಂದೆ ಚಾಚಿ, ಬಾಯಿ ತೆರೆದು ನಿಂತಿತ್ತು, ಜೊಲ್ಲು ಸುರಿಯುತ್ತಿತ್ತು. ಪಕ್ಕೆ ನೋಡುತ್ತಾ ಉಸಿರು ಎಣಿಸಿದೆ, ನಿಮಿಷಕ್ಕೆ 58. ಗೋಡೆಯ ಶಹಾಬಾದ್ ಕಲ್ಲು ಆ ಹೊತ್ತಲ್ಲೂ ಬಿಸಿ ಇತ್ತು. ಆಕಳು ಮಾತ್ರ ಮಲಗಿ ಮೆಲುಕು ಹಾಕುತ್ತಿತ್ತು. ಒಂದೇ ಕೊಟ್ಟಿಗೆ, ಒಂದೇ ನೀರು. ಹೀಗ್ಯಾಕೆ?

ಉತ್ತರ: ಬೀದರಿನ ಪಶುವೈದ್ಯೆ

ಅಣ್ಣಾ, ಎಮ್ಮೆಯದು ಕಪ್ಪು ತೊಗಲು, ಬಿಸಿಲನ್ನು ಹೀರುತ್ತದೆ. ಬೆವರು ಗ್ರಂಥಿಗಳೂ ಆಕಳಿಗಿಂತ ಬಹಳ ಕಡಿಮೆ. ಅದಕ್ಕೇ ಅದು ಕೆರೆಯ ಕೆಸರು ಹುಡುಕುವುದು. ದೇವಣಿ ನಮ್ಮ ಬೀದರ್ ಸೀಮೆಯ ಬಿಸಿಲಲ್ಲೇ ಬೆಳೆದು ಬಂದ ತಳಿ.

ನೀವು ರಾತ್ರಿ ಹೋಗಿ ನೋಡಿದ್ದು ಒಳ್ಳೆಯದಾಯಿತು. ಹಗಲಲ್ಲಿ ಮೈಗೆ ಏರಿದ ಕಾವನ್ನು ಎಮ್ಮೆ ರಾತ್ರಿಯ ತಂಪಿನಲ್ಲಿ ಇಳಿಸಿಕೊಳ್ಳಬೇಕು. ಭೂಮಿ ಬಿಸಿಯಾದ ಹಾಗೆ ರಾತ್ರಿಗಳೂ ಬಿಸಿಯಾಗುತ್ತಿವೆ. ಹಗಲು 40 ಡಿಗ್ರಿ ಮುಟ್ಟಿ, ರಾತ್ರಿಯ ಉಷ್ಣಾಂಶ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇದ್ದರೆ ಹವಾಮಾನ ಇಲಾಖೆ ಅದನ್ನು 'ಬಿಸಿ ರಾತ್ರಿ' ಎನ್ನುತ್ತದೆ. ಅಂಥ ರಾತ್ರಿ ಎಮ್ಮೆ ಮಲಗುವುದಿಲ್ಲ, ಮೆಲುಕು ಕಡಿಮೆ, ಹಾಲೂ ಕಡಿಮೆ. ಬೆದೆಗೆ ಬಂದರೂ ಕೂಗುವುದಿಲ್ಲ, ಗೊತ್ತೇ ಆಗದೆ ಹೋಗುತ್ತದೆ.

ಸಂಜೆ ಬಿಸಿಲು ಇಳಿದ ಮೇಲೆ ಬಯಲಲ್ಲಿ ಕಟ್ಟಿ. ಕಣಕಿ ಹಗಲು ಬೇಡ, ಅರಗುವಾಗ ಹೊಟ್ಟೆಯೊಳಗೂ ಕಾವು ಏಳುತ್ತದೆ. ರಾತ್ರಿ ಒಂಬತ್ತರ ಮೇಲೆ ಮತ್ತು ನಸುಕಿನಲ್ಲಿ ಹಾಕಿ. ಗಾಳಿ ಆಡದ ಕಡೆ ನೀರು ಚಿಮುಕಿಸಬೇಡಿ, ಸೆಕೆ ಇನ್ನೂ ಹೆಚ್ಚುತ್ತದೆ. ಉಸಿರು ಇಳಿಯದಿದ್ದರೆ, ಮೇವು ಬಿಟ್ಟರೆ ತಡ ಮಾಡದೆ ಹತ್ತಿರದ ಡಾಕ್ಟರಿಗೆ ತೋರಿಸಿ.

ಉತ್ತರ: ಚಿಂಚೋಳಿ ಹುಡುಗ

ಅಕ್ಕಾರ ಮಾತು ಓದಿ ಬಾವಲಿಗಳು ನೆನಪಾದವು. ನಮ್ಮ ಚಿಂಚೋಳಿ ವನ್ಯಧಾಮದ ಕಡೆ ದೊಡ್ಡ ಹಣ್ಣುಬಾವಲಿಗಳಿವೆ. ಮೇ ತಿಂಗಳ ಮಧ್ಯಾಹ್ನ ಕೊಂಬೆಗೆ ಜೋತುಬಿದ್ದು ರೆಕ್ಕೆ ಬೀಸಿಕೊಳ್ಳುತ್ತವೆ, ಎಂಜಲನ್ನು ಮೈಗೆ ಸವರಿಕೊಳ್ಳುತ್ತವೆ. ಸಂಜೆ ಕೆರೆ ನೀರಿಗೆ ಎದೆ ತಾಗಿಸಿ ಹಾರುತ್ತವೆ, ಆಮೇಲೆ ಎದೆಗೂದಲಿನ ನೀರು ನೆಕ್ಕುತ್ತವೆ. 2018ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಸುತ್ತ 42 ಡಿಗ್ರಿ ದಾಟಿದಾಗ ಸುಮಾರು 23,000 ಹಣ್ಣುಬಾವಲಿಗಳು ಸತ್ತವು. ನಮ್ಮಲ್ಲಿ 42 ಅಂದರೆ ಮಾಮೂಲಿ ಬೇಸಿಗೆ, ಅಲ್ವಾ? ಅವಕ್ಕೆ ಮೈ ತೊಳೆಯುವವರೂ ಇಲ್ಲ. ಹಳೆಯ ಹುಣಸೆ ಗಿಡ ಕಡಿಯುವವರು ದಯವಿಟ್ಟು ಒಮ್ಮೆ ಮೇಲೆ ನೋಡಿ.

ಆಳಂದದ ಹೈನುಗಾರ

ಅಕ್ಕಾ, ನೀವು ಹೇಳಿದಂತೆ ಮಾಡಿದೆ. ಎಮ್ಮೆಯನ್ನು ಬಾವಿಯ ಹತ್ತಿರ ಬಯಲಲ್ಲಿ ಕಟ್ಟಿದೆ. ಜೊತೆಗೆ ನಾನೇ ಕೊಟ್ಟಿಗೆಯ ತಗಡಿನ ಮೇಲೆ ತೊಗರಿ ಕಟ್ಟಿಗೆ ದಪ್ಪಗೆ ಹರವಿದೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಉಸಿರು 36. ಹಾಲು ಇನ್ನೂ ಏರಿಲ್ಲ. ಆದರೆ ನಾನು ಹೋದಾಗ ಮಲಗಿತ್ತು, ಎದ್ದೇಳಲಿಲ್ಲ.